ವಸ್ತಿ ಬಸ್ಸಿನವರು ಆರಿಸಿದ ಹುಡುಗಿ

ಡಿಪೋಗೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡಾಗ ಕೇಳುವುದು ಎರಡೇ ಮಾತು. ಎಷ್ಟು ಸಲ ಬಡ್ತಿ ಬಂತು, ಪೆನ್ಶನ್ ಎಷ್ಟು ಬರುತ್ತದೆ. ಎರಡೂ ಕೇಳಬೇಕಾದ ಮಾತಲ್ಲ. ನಾನು ಡ್ರೈವರಾಗಿ ಸೇರಿದೆ, ಡ್ರೈವರಾಗಿಯೇ ಮನೆಗೆ ಬಂದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಕೊಟ್ಟೂರಿನಲ್ಲಿ ಲಾರಿ ಕ್ಲೀನರಾದವನು. ಬೇರೆಯವರ ಗಾಡಿ ತೊಳೆಯುತ್ತ, ಬೈಸಿಕೊಳ್ಳುತ್ತ ಸ್ಟೇರಿಂಗ್ ಹಿಡಿದವನು. ನನ್ನ ಕೈಯಲ್ಲಿ ಒಂದು ಜೀವವೂ ಹೋಗಲಿಲ್ಲ. ಈ ಮಾತನ್ನು ನಾನು ಎದೆ ಮುಂದೆ ಮಾಡಿಯೇ ಹೇಳುತ್ತೇನೆ, ಯಾರಿಗೂ ಬಗ್ಗಿ ಹೇಳುವುದಿಲ್ಲ.

ಆದರೆ ಈ ಬರಹ ಗಾಡಿ ಓಡಿಸಿದ್ದರ ಬಗ್ಗೆ ಅಲ್ಲ. ಗಾಡಿ ನಿಲ್ಲಿಸಿ ಮಲಗಿದ್ದರ ಬಗ್ಗೆ. ಮತ್ತು ಒಂದು ಸಿಟ್ಟಿನ ಬಗ್ಗೆ. ಅದು ಇನ್ನೂ ಇಳಿದಿಲ್ಲ, ಇಳಿಯುವುದು ಬೇಕಾಗಿಯೂ ಇಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರುಗಳ ನಡುವೆಯೇ ನನ್ನ ಸರ್ವೀಸು ಮುಗಿಯಿತು. ಈಗ ಹೇಳುವ ಸಂಗತಿ ನಡೆದ ಡಿಪೋ ಯಾವುದೆಂದು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ನೋಟೀಸು ಹಿಡಿದು ಬಾಗಿಲಿಗೆ ಬರುತ್ತಾರೆ. ಬಂದರೂ ನನಗೇನು ಹೆದರಿಕೆಯಿಲ್ಲ, ಆದರೆ ಅವರಿಗೆ ಚಹಾ ಕೊಡುವ ಕೆಲಸ ನನ್ನ ಹೆಂಡತಿಯದಾಗುತ್ತದೆ.

ಆಗ ಪ್ರತಿ ಡಿಪೋದಿಂದಲೂ ವಸ್ತಿ ಗಾಡಿಗಳು ಹೋಗುತ್ತಿದ್ದವು. ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ಮುಂಜಾನೆ ಕತ್ತಲಿರುವಾಗಲೇ ಊರವರನ್ನು ಹತ್ತಿಸಿಕೊಂಡು ಪೇಟೆಗೆ ಬರುವ ಬಸ್ಸು. ಡ್ರೈವರೂ ಕಂಡಕ್ಟರೂ ಬಸ್ಸಿನ ಸೀಟಿನ ಮೇಲೆಯೋ ಗುಡಿಕಟ್ಟೆಯ ಮೇಲೆಯೋ ಮಲಗುತ್ತಿದ್ದೆವು. ಊಟ ಊರಿನ ಯಾರದೋ ಮನೆಯಿಂದ ಬರುತ್ತಿತ್ತು. ಇವತ್ತು ಬಸ್ಸುಗಳು ಮಿಂಚಿನಂತೆ ಹೋಗಿ ಬರುತ್ತವೆ, ವಸ್ತಿ ಕಡಿಮೆಯಾಗಿದೆ. ಹಾಗಾಗಿ ನಿಮಗೆ ಒಂದು ಸಂಗತಿ ಗೊತ್ತಿಲ್ಲ. ಒಂದು ಊರಿನಲ್ಲಿ ವರ್ಷಗಟ್ಟಲೆ ಮಲಗಿ ಎದ್ದವನಿಗೆ ಆ ಊರಿನ ಬಗ್ಗೆ ತಿಳಿಯುವಷ್ಟು ತಹಸೀಲ್ದಾರನಿಗೂ ತಿಳಿಯುವುದಿಲ್ಲ. ಯಾರ ಮನೆಯ ದೀಪ ತಡವಾಗಿ ಆರುತ್ತದೆ, ಯಾರು ಮೊದಲು ಎದ್ದು ಬಾವಿಗೆ ಬರುತ್ತಾರೆ, ಯಾರು ಯಾರನ್ನು ಎತ್ತಿಕೊಂಡು ಬಂದು ಬಸ್ಸು ಹತ್ತಿಸುತ್ತಾರೆ, ಎಲ್ಲವೂ ನಾವು ಸೀಟಿನ ಮೇಲೆ ಮಲಗಿಕೊಂಡೇ ನೋಡುತ್ತಿದ್ದೆವು.

ವಿದ್ಯಾರ್ಥಿ ನಿಧಿ ಹುಟ್ಟಿದ್ದು ಇದರಿಂದಲೇ. ನಮ್ಮ ಹೆಡ್ ಮೆಕ್ಯಾನಿಕ್ ರುದ್ರಪ್ಪ ಒಂದು ದಿನ ಕ್ಯಾಂಟೀನಿನಲ್ಲಿ ಪೇಪರು ಓದುತ್ತಿದ್ದ. ಎಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಸನ್ಮಾನ ಮಾಡಿದ ಫೋಟೋ ಇತ್ತು. ಪೇಪರು ಮಡಚಿ ಇಟ್ಟು ಅಂದ:

"ಮಾರ್ಕ್ಸ್ ತಗೊಂಡವ್ರಿಗೆ ಎಲ್ಲಾರೂ ಕೊಡ್ತಾರ. ಊರಿಗೆ ದುಡದ ಹುಡುಗರಿಗೆ ಯಾರ್ ಕೊಡ್ತಾರಲೇ?"

"ನೀ ಕೊಡು," ಅಂದರು ಯಾರೋ.

"ನಾನೂ ಕೊಡ್ತೀನಿ, ನಿನ್ನ ಕಿಸೆದಾಗಿಂದೂ ತಗೀತೀನಿ," ಅಂದ ರುದ್ರಪ್ಪ.

ತೆಗೆದ ಕೂಡ. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಬಸ್ಸು ತೊಳೆಯುವವರು, ಎಲ್ಲರ ಪಗಾರದಿಂದಲೂ ತಿಂಗಳು ತಿಂಗಳು ಸ್ವಲ್ಪ ಹಿಡಿಯುವುದೆಂದು ಒಪ್ಪಿಸಿದ. ಎಸ್ಸೆಲ್ಸಿ ಪಾಸಾಗಿ, ಊರಿನವರ ಕಷ್ಟಕ್ಕೆ ಆಗಿಬಂದ ಒಬ್ಬ ಹುಡುಗನಿಗೋ ಹುಡುಗಿಗೋ ವರ್ಷಕ್ಕೊಮ್ಮೆ ಕಾಲೇಜಿಗೆ ಸೇರುವ ಖರ್ಚು ಕೊಡುವುದು. ಅರ್ಜಿಯಿಲ್ಲ, ಅಂಕಪಟ್ಟಿಯಿಲ್ಲ. ವಸ್ತಿಗೆ ಹೋಗುವ ಡ್ರೈವರ್ ಕಂಡಕ್ಟರು ತಮ್ಮ ಕಣ್ಣಿಂದ ಕಂಡವರ ಹೆಸರು ಹೇಳಬೇಕು, ಏನು ಕಂಡೆವೆಂದು ಎಲ್ಲರ ಮುಂದೆ ನಿಂತು ಹೇಳಬೇಕು, ಉಳಿದವರು ಒಪ್ಪಬೇಕು. ಇಷ್ಟೇ ಪದ್ಧತಿ.

ಮೊದಲ ವರ್ಷ ಆರಿಸಿದ್ದು ತಂಬ್ರಹಳ್ಳಿ ಕಡೆಯ ಒಬ್ಬ ಹುಡುಗನನ್ನು. ಊರಿನ ಬೋರಿಂಗು ಕೆಟ್ಟಾಗಲೆಲ್ಲ ರಿಪೇರಿಯವರನ್ನು ಕಾಯದೆ ತಾನೇ ವಾಷರ್ ಬದಲಾಯಿಸಿ ನೀರು ಬರಿಸುತ್ತಿದ್ದ. ರುದ್ರಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಹಣದ ಜೊತೆಗೆ ನಟ್ಟು ಬಿಚ್ಚುವ ತನ್ನ ಸ್ವಂತದ ಪಾನಾ ಒಂದನ್ನು ಕೊಟ್ಟುಬಿಟ್ಟ. ಆಮೇಲೆ ವಾರವಿಡೀ "ನನ್ನ ಪಾನಾ ಯಾವನಲೇ ಕದ್ದವ" ಎಂದು ವರ್ಕ್‌ಶಾಪಿನಲ್ಲಿ ಬೈದಾಡಿದ. ಕೊಟ್ಟಿದ್ದು ಮರೆತಿದ್ದ.

ಮುಂದಿನ ವರ್ಷ ನಮ್ಮ ಮಾನ ಹೋಯಿತು. ಪರಸಪ್ಪ ಎಂಬ ಕಂಡಕ್ಟರ್ ಒಬ್ಬ ಹುಡುಗನ ಹೆಸರು ಹೇಳಿ, ಬಹಳ ಸೇವೆ ಮಾಡುವ ಹುಡುಗ ಎಂದು ಹೊಗಳಿದ. ನಾವು ನಂಬಿದೆವು, ಹಣ ಕೊಟ್ಟೆವು. ಆ ಊರಿಗೆ ಮತ್ತೆ ಬಸ್ಸು ಹೋದಾಗ ಕಟ್ಟೆಯ ಮೇಲೆ ಕುಳಿತ ಮುದುಕನೊಬ್ಬ ಕೇಳಿದನಂತೆ: "ಸೇವೆ ಅಂದ್ರ ಕಂಡಕ್ಟರಗ ರೊಟ್ಟಿ ತಂದು ಕೊಡೂದೇನ್ರಿ? ಹಂಗಾದ್ರ ನಮ್ಮ ಮೊಮ್ಮಗನೂ ತಂದು ಕೊಡ್ತಾನ, ಸೇಂಗಾ ಚಟ್ನಿನೂ ಹಾಕ್ತಾನ." ಆ ಹುಡುಗ ಮಾಡಿದ ಸೇವೆಯೆಲ್ಲ ಪರಸಪ್ಪನ ಹೊಟ್ಟೆಗೆ ಮಾಡಿದ್ದು. ಪರಸಪ್ಪ ಸುಳ್ಳು ಹೇಳಿದನೆಂದು ನಾನು ಅನ್ನುವುದಿಲ್ಲ. ಬಿಸಿ ರೊಟ್ಟಿ ತಿಂದು ಮಲಗಿದವನಿಗೆ ಅದನ್ನು ತಂದ ಹುಡುಗ ದೇವರಂತೆಯೇ ಕಾಣುತ್ತಾನೆ. ಇದು ವಸ್ತಿ ಗಾಡಿಯವರು ಮಾತ್ರ ಮಾಡಬಹುದಾದ ತಪ್ಪು.

ಅಂದಿನಿಂದ ಒಂದು ಕಟ್ಟಳೆ ಮಾಡಿದೆವು. ಯಾವ ಮನೆಯಲ್ಲಿ ಉಂಡಿದ್ದೇವೋ ಆ ಮನೆಯ ಹುಡುಗರ ಹೆಸರು ಹೇಳಕೂಡದು. ಉಂಡ ಮನೆಯ ರೂಲು ಎಂದೇ ಅದಕ್ಕೆ ಹೆಸರಾಯಿತು. ಹಲವು ವರ್ಷ ಅದರಿಂದ ನಿಧಿ ಸ್ವಚ್ಛವಾಗಿಯೇ ನಡೆಯಿತು.

ಇನ್ನು ಕೊಟ್ರಮ್ಮನ ಸಂಗತಿ.

ಹಲವಾಗಲು ಕಡೆಗೆ, ಹೊಳೆಯ ಹತ್ತಿರದ ಒಂದು ಹಳ್ಳಿಗೆ ನನಗೆ ವಸ್ತಿ ಬಿತ್ತು. ಆ ಹಳ್ಳಿಯ ಹೆಸರೂ ಬೇಡ. ಅಲ್ಲಿ ಬಸ್ಸಿನವರಿಗೆ ಊಟ ಕೊಡುವುದು ಅಗಸಿ ಬಾಗಿಲ ಪಕ್ಕದ ಒಂದೇ ಮನೆ. ಒಬ್ಬ ಅಜ್ಜಿ, ಕೂಲಿಗೆ ಹೋಗುವ ಅವಳ ಮಗ ದುರುಗಪ್ಪ, ಅವನ ಹೆಂಡತಿ, ಮಗಳು ಕೊಟ್ರಮ್ಮ. ಹುಡುಗಿ ಪಕ್ಕದ ಊರಿನ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದಳು.

ಮುಂಜಾನೆ ನಾನು ಗಾಡಿಗೆ ಸೆಲ್ಫ್ ಹೊಡೆಯುವ ಹೊತ್ತಿಗೆ ಈ ಹುಡುಗಿ ಯಾರನ್ನಾದರೂ ಕೈಹಿಡಿದು ಕರೆತರುತ್ತಿದ್ದಳು. ಒಂದು ದಿನ ಕಣ್ಣು ಕಾಣದ ಮುದುಕ, ಇನ್ನೊಂದು ದಿನ ತುಂಬಿದ ಬಸುರಿ, ಮತ್ತೊಂದು ದಿನ ಜ್ವರದ ಕೂಸು ಹೊತ್ತ ತಾಯಿ. ಅವರ ಜೊತೆ ತಾನೂ ಹರಪನಹಳ್ಳಿ ದವಾಖಾನೆಗೆ ಬಂದು, ಚೀಟಿ ಬರೆಸಿ, ಯಾವ ಬಾಗಿಲಿಗೆ ಹೋಗಬೇಕೆಂದು ಬೋರ್ಡು ಓದಿ, ಡಾಕ್ಟರರ ಮುಂದೆ ಕೂರಿಸಿ, ಮುಂದಿನ ಬಸ್ಸಿಗೆ ಹಿಂದಿರುಗಿ ಶಾಲೆಗೆ ಓಡುತ್ತಿದ್ದಳು. ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಅವಳ ತಾಯಿ ಹಿಂದೊಮ್ಮೆ ಒಬ್ಬಳೇ ಹೋಗಿ, ಬೋರ್ಡು ಓದಲು ಬರದೆ ತಪ್ಪು ಸಾಲಿನಲ್ಲಿ ಮಧ್ಯಾಹ್ನದವರೆಗೆ ನಿಂತು, ಔಷಧಿಯಿಲ್ಲದೆ ವಾಪಸು ಬಂದಿದ್ದಳಂತೆ. "ನಮ್ಮವ್ವನಂಗ ಇನ್ನೊಬ್ರು ನಿಲ್ಲಬಾರದು ಅಂತ," ಅಂದಳು. ಅಷ್ಟೇ ಹೇಳಿದ್ದು.

ಮೆತ್ತಗಿನ ಹುಡುಗಿ ಎಂದು ತಿಳಿಯಬೇಡಿ.

"ಏನಬೇ, ಇವತ್ ಯಾರನ್ನ ತಂದಿ?" ಅಂದರೆ, "ಬಾಣಂತಿ ಅದಾಳ್ರಿ ಅಣ್ಣಾರ. ಗುಂಡಿ ನೋಡ್ಕೊಂಡು ಹೊಡೀರಿ," ಅನ್ನುವಳು.

"ಗುಂಡಿ ನಾ ತೋಡೀನೇನು?"

"ತೋಡಿಲ್ರಿ. ಆದ್ರ ಒಂದೂ ಬಿಡದಂಗ ಇಳಿಸ್ತೀರಿ."

ಇಡೀ ಬಸ್ಸು ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಅಂದು ಮಾತ್ರ ಗುಂಡಿ ತಪ್ಪಿಸುತ್ತಿದ್ದೆ.

ನನ್ನ ಕಂಡಕ್ಟರ್ ದಾದಾಪೀರ್‌ಗೆ ಈ ಹುಡುಗಿಯನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಹೊಟ್ಟೆಹುಣ್ಣಿನ ಮನುಷ್ಯ. ಖಾರ ಮುಟ್ಟುವಂತಿಲ್ಲ, ಹೊರಗಿನ ನೀರೂ ಆಗದು. ಅವನ ಹೆಂಡತಿ ಕಟ್ಟಿಕೊಟ್ಟ ಮಜ್ಜಿಗೆ ಅನ್ನದ ಡಬ್ಬಿಯೇ ಗತಿ. ಹೊಟ್ಟೆಯ ಉರಿಯೆಲ್ಲ ಬಾಯಿಗೆ ಬರುತ್ತಿತ್ತು. ಗಾಡಿ ಟೈಮಿಗೆ ಬಿಡದಿದ್ದರೆ ಮೆಮೋ ಬರುವುದು ಕಂಡಕ್ಟರಿಗೆ. ಅವನು "ರೈಟ್" ಅಂದ ಕೂಡಲೇ ಇವಳು "ತಡೀರಿ" ಅನ್ನುವಳು. ದಿನಾ ಜಗಳ.

ಕೊಟ್ರಮ್ಮ ಎಸ್ಸೆಲ್ಸಿಯನ್ನು ಹೇಗೋ ಪಾಸು ಮಾಡಿದಳು. ಕ್ಲಾಸೂ ಬರಲಿಲ್ಲ, ಬರೀ ಪಾಸು. ಮುಂದೆ ಪಿಯುಸಿ ಮಾಡಿ ನರ್ಸ್ ಟ್ರೇನಿಂಗಿಗೆ ಹೋಗಬೇಕೆಂದು ಅವಳ ಆಸೆ. ಮನೆಯಲ್ಲಿ ಬೇರೆ ಮಾತು ನಡೆದಿತ್ತು. ಅವಳ ಸೋದರಮಾವ ಹೆಣ್ಣು ಕೇಳಿದ್ದ. "ಕಾಲೇಜಿಗೆ ಸೇರಿದ್ಲಂದ್ರ ಓದ್ಲಿ, ಇಲ್ಲಂದ್ರ ಕೊಟ್ಟು ಬಿಡ್ತೀನ್ರಿ," ಎಂದು ದುರುಗಪ್ಪ ನನ್ನೆದುರಿಗೇ ಹೇಳಿದ್ದ. ಹುಡುಗಿಗೆ ಮದುವೆಯ ವಯಸ್ಸೇ ಆಗಿರಲಿಲ್ಲ. ಅದನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಕಾಲೇಜಿನ ಖರ್ಚು ಸಿಕ್ಕರೆ ಅವಳು ಉಳಿಯುತ್ತಾಳೆ, ಸಿಗದಿದ್ದರೆ ಇಲ್ಲ. ವಿಷಯ ಇಷ್ಟು ಸ್ಪಷ್ಟವಾಗಿತ್ತು.

ಅದೇ ವರ್ಷ ನಮಗೆ ಹೊಸ ಡಿಪೋ ಮ್ಯಾನೇಜರ್ ಬಂದಿದ್ದರು. ಡಿಗ್ರಿ ಮೇಲೆ ಡಿಗ್ರಿ ಮಾಡಿದ, ಬೆಂಗಳೂರು ಕಡೆಯ ಮನುಷ್ಯ. ಇದ್ದದ್ದು ಹೇಳುತ್ತೇನೆ, ಕೆಲಸಗಳ್ಳನಲ್ಲ. ನಮ್ಮ ರೆಸ್ಟ್ ರೂಮಿಗೆ ಫ್ಯಾನು ಹಾಕಿಸಿದವರು, ಡೀಸೆಲ್ ಉಳಿಸಿದ ಡ್ರೈವರುಗಳ ಹೆಸರನ್ನು ಬೋರ್ಡಿನಲ್ಲಿ ಬರೆಸಿದವರು ಅವರೇ. ಲಂಚ ಮುಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಅವರ ಕೈಗೆ ಏನು ಸಿಕ್ಕರೂ ಅದಕ್ಕೊಂದು ಫಾರಂ ಹುಟ್ಟುತ್ತಿತ್ತು, ಫಾರಂ ಆದ ಮೇಲೆ ಫೋಟೋ ಹುಟ್ಟುತ್ತಿತ್ತು. ನಿಧಿಯ ಹಣ ಬ್ಯಾಂಕಿನಲ್ಲಿ ಮ್ಯಾನೇಜರರ ಸಹಿಯ ಮೇಲೆಯೇ ಇತ್ತು. ಅದುವರೆಗಿನ ಸಾಹೇಬರೆಲ್ಲ ನಾವು ಹೇಳಿದ ದಿನ ಸಹಿ ಹಾಕಿ ಸುಮ್ಮನಿದ್ದರು. ಆ ಸಹಿ ಅವರ ಕೈಗೆ ಹೇಗೆ ಹೋಯಿತೆಂದು ನಾವು ಯಾರೂ ವಿಚಾರ ಮಾಡಿರಲಿಲ್ಲ.

ರಿಸಲ್ಟು ಬಂದ ಮೇಲೆ ವರ್ಕ್‌ಶಾಪಿನ ನೆರಳಿನಲ್ಲಿ ಸಭೆ ಸೇರಿತು. ನಾನು ಕೊಟ್ರಮ್ಮನ ಹೆಸರು ಹೇಳಿದೆ. ಸಾಹೇಬರು ಶಾಲೆಯಿಂದ ಮೊದಲೇ ಒಂದು ಕಾಗದ ತರಿಸಿಕೊಂಡಿದ್ದರು.

"ನಿಂಗಪ್ಪ, ಈ ಹುಡುಗಿಯ ಹಾಜರಾತಿ ನೋಡಿದ್ದೀರಾ? ತಿಂಗಳಲ್ಲಿ ಅರ್ಧದಷ್ಟು ದಿನ ಮೊದಲ ಪಿರಿಯಡ್ಡಿಗೇ ಇರೋದಿಲ್ಲವಂತೆ. ಅಂಕವೂ ಇಲ್ಲ. ಇಂಥವಳಿಗೆ ಕೊಟ್ಟರೆ ಜನ ಏನಂತಾರೆ?"

"ಸಾಹೇಬ್ರ, ಆ ಪಿರಿಯಡ್ ನಡಿಯೂ ಹೊತ್ತಿನಾಗ ಆಕಿ ದವಾಖಾನಿ ಸಾಲಿನಾಗ ನಿಂತಿರ್ತಾಳ್ರಿ. ಎರಡೂ ಕಡೆ ಹಾಜರಿ ಎಲ್ಲಿಂದ ಬರಬೇಕು?"

"ಅದಕ್ಕೆ ಸರ್ಟಿಫಿಕೇಟ್ ಇದೆಯಾ?"

"ನಾ ನೋಡೀನ್ರಿ."

"ನೀವು ನೋಡಿದ್ದು ಸರಿ. ಆದರೆ ನಿಮ್ಮದೇ ಒಂದು ರೂಲ್ಸ್ ಇದೆಯಂತಲ್ಲ. ಆ ಊರಿನಲ್ಲಿ ನಿಮಗೆ ಊಟ ಯಾರ ಮನೆಯಿಂದ ಬರುತ್ತೆ?"

ಸಭೆಯಲ್ಲಿ ಕಿಸಕ್ಕನೆ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪರಸಪ್ಪ. ಆ ರೂಟಿಗೆ ಹೋದ ಪ್ರತಿಯೊಬ್ಬನೂ ಆ ಅಜ್ಜಿಯ ಕೈಯ ರೊಟ್ಟಿ ಉಂಡವನೇ. ನಾವು ಮಾಡಿದ ರೂಲು ನಮ್ಮ ಕುತ್ತಿಗೆಗೇ ಬಂದಿತ್ತು.

ಆಗ ಹಿಂದಿನಿಂದ ದಾದಾಪೀರ್ ಎದ್ದು ನಿಂತ.

"ನಾ ಆ ಮನಿ ನೀರ್ ಸೈತ ಮುಟ್ಟಿಲ್ರಿ. ನನ್ನ ಹೊಟ್ಟಿ ಹಣೇಬರ ಎಲ್ಲಾರಿಗೂ ಗೊತ್ತೈತಿ."

"ಹಾಗಾದರೆ ನೀವು ಹೇಳಿ," ಅಂದರು ಸಾಹೇಬರು.

"ಹೇಳೂದೇನೈತ್ರಿ, ಆ ಹುಡುಗಿ ಮ್ಯಾಲ ನಂದು ಕಂಪ್ಲೇಂಟ್ ಐತಿ."

ಹಲ್ಲು ಕಡಿದು "ಲೇ ದಾದ್ಯಾ" ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ.

"ಗಾಡಿ ಟೈಮಿಗೆ ಬಿಡಾಕ ಬಿಡಂಗಿಲ್ರಿ. ನಾ ರೈಟ್ ಅಂದ್ರ ಆಕಿ ಬಾಗಿಲ್ದಾಗ ಒಂದ್ ಕಾಲಿಟ್ಟು ನಿಂದರ್ತಾಳ. ಯಾಕಬೇ ಅಂದ್ರ, ಮುದುಕಿ ಬರಾಕತ್ಯಾಳ್ರಿ, ಉಬ್ಬಸ ಐತಿ, ಓಡಾಕ ಬರಂಗಿಲ್ಲ ಅಂತಾಳ. ಮುದುಕಿ ಬರೂತನಕ ಕಾಲು ತಗಿಯಂಗಿಲ್ಲ. ಮುದುಕಿ ಹತ್ತಿದ್ಮ್ಯಾಲ ಸೀಟು ಕೊಡ್ರಿ ಅಂತ ಗಂಡಸರನ್ನ ಎಬ್ಬಿಸ್ತಾಳ. ಅವ್ರು ನನ್ನ ಬೈತಾರ. ಮಳಿಗಾಲದಾಗ ಆ ಊರಿಗೆ ವಾಂತಿ ಭೇದಿ ಬಂದಿತ್ತಲ್ಲ, ಆವಾಗ ಬಸ್ಸಿನ ತುಂಬ ಅದೇ ಮಂದಿನ್ನ ತಂದು ತುಂಬಿದ್ಲು. ಬ್ಯಾರೆ ಪ್ಯಾಸೆಂಜರ್ ಮೂಗು ಮುಚ್ಕೊಂಡು ಇಳದು ಹೋದ್ರು. ಕಲೆಕ್ಷನ್ ಬರಕತ್ತಾಗಲಿಲ್ಲ. ಬಸ್ ಎಲ್ಲಾ ಗಲೀಜು. ಸಿಟ್ಟು ಬಂತು, ನೀನಽ ತೊಳಿ ಅಂದೆ."

"ತೊಳೆದಳಾ?"

"ತೊಳದ್ಲು. ಬಸ್ ಸ್ಟ್ಯಾಂಡಿನ ನಳದಿಂದ ಬಕೀಟಿನಾಗ ನೀರು ತಂದು ತೊಳದ್ಲು. ಆಮ್ಯಾಲ ದವಾಖಾನಿಗೆ ಹೋದ್ಲು, ಆಮ್ಯಾಲ ಸಾಲಿಗೆ ಹೋದ್ಲು." ದಾದಾಪೀರ್ ಟಿಕೀಟಿನ ಚೀಲ ಹೆಗಲಿಗೆ ಏರಿಸಿಕೊಂಡ. "ಇಂಥಾ ಪೀಡಾ ನಮ್ಮ ರೂಟಿನಾಗ ಇನ್ನೊಂದಿಲ್ರಿ. ನನ್ನ ಓಟು ಆಕಿಗೇ."

ಯಾರೂ ನಗಲಿಲ್ಲ. ಪರಸಪ್ಪನೇ ಮೊದಲು ಕೈ ಎತ್ತಿದ. ಎಲ್ಲರ ಕೈಗಳೂ ಎದ್ದವು. ಸಾಹೇಬರು ಕೂಡ "ಆಯಿತು, ಒಪ್ಪಿದೆ" ಅಂದರು. ಮನಸ್ಸಿನಿಂದಲೇ ಅಂದರು ಎಂದು ಇವತ್ತಿಗೂ ನನಗನಿಸುತ್ತದೆ. ಅದಕ್ಕೇ ನನ್ನ ಸಿಟ್ಟು ಹೆಚ್ಚು.

ಮುಂದಿನ ವಸ್ತಿಗೆ ನಾನೇ ಹೋಗಿ ಸುದ್ದಿ ಹೇಳಿದೆ. ಆ ಮನೆಯಲ್ಲಿ ಅಂದು ಅಜ್ಜಿ ಆಡು ಮಾರುವ ಮಾತಾಡುತ್ತ ಕುಳಿತಿದ್ದಳು. ಮೊಮ್ಮಗಳ ಫೀಸಿಗೆಂದು ಎರಡು ಆಡುಗಳನ್ನು ಹರಪನಹಳ್ಳಿ ಸಂತೆಗೆ ಹೊಡೆಯುವುದೆಂದು ನಿಶ್ಚಯವಾಗಿತ್ತು. ಕೊಟ್ರಮ್ಮ ನನ್ನ ಮಾತು ಕೇಳಿ ಅಜ್ಜಿಯ ಕಡೆ ತಿರುಗಿದಳು.

"ಬ್ಯಾಡ ಆಯಿ, ಆಡು ಇರ್ಲಿ. ಡಿಪೋದವ್ರು ಕೊಡ್ತಾರ."

"ಖರೇ ಕೊಡ್ತೀರೇನಪ್ಪ?" ಅಂದಳು ಅಜ್ಜಿ.

"ಕೊಡ್ತೀವಿ ಆಯಿ. ಎಲ್ಲಾರೂ ಕೈ ಎತ್ತೇವಿ," ಅಂದೆ.

ದುರುಗಪ್ಪನೂ ಒಪ್ಪಿದ. "ಹಂಗಾದ್ರ ನಮ್ಮ ಭಾವಮೈದಗ ತಡಿಯಪ್ಪ ಅಂತ ಹೇಳ್ತೀನ್ರಿ," ಅಂದ.

ಇನ್ನು ಮುಂದೆ ನಡೆದಿದ್ದು ಕೇಳಿ. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಇಲ್ಲ ಅನ್ನಲಿಲ್ಲ.

ಕಾಲೇಜಿನಲ್ಲಿ ಅರ್ಜಿ ಕೊಡುವುದು ಶುರುವಾದಾಗ ನಾನು ಸಾಹೇಬರ ಚೇಂಬರಿಗೆ ಹೋದೆ.

"ನಿಂಗಪ್ಪ, ಇಷ್ಟು ಒಳ್ಳೆಯ ಕೆಲಸವನ್ನ ಕದ್ದು ಮುಚ್ಚಿ ಮಾಡಬಾರದು," ಅಂದರು. "ಕ್ಯಾಂಟೀನಿನಲ್ಲಿ ಕವರು ಕೊಟ್ಟು ಕಳಿಸೋದು ಏನು ಚೆಂದ? ಒಂದು ಕಾರ್ಯಕ್ರಮ ಮಾಡೋಣ. ದೊಡ್ಡವರ ಕೈಯಿಂದ ಕೊಡಿಸೋಣ. ಬೇರೆ ಡಿಪೋಗಳಿಗೂ ಮಾದರಿಯಾಗಲಿ. ಬರುವ ವಾರ ಡೇಟು ಸಿಗುತ್ತೆ."

ಬರುವ ವಾರ ಡೇಟು ಸಿಗಲಿಲ್ಲ. ಅದರ ಮುಂದಿನ ವಾರ, ಸಾಹೇಬರು ಕರೆಯಬೇಕೆಂದಿದ್ದ ದೊಡ್ಡವರು, ಅವರ ಹೆಸರೂ ಬೇಡ, ಬೆಂಗಳೂರಿನಲ್ಲಿದ್ದರು. ಅವರು ಬಂದಾಗ ಆಷಾಢ ಬಂದಿತ್ತು. ಆಷಾಢದಲ್ಲಿ ಶುಭಕಾರ್ಯ ಬೇಡವೆಂದು ದೊಡ್ಡವರ ಮನೆಯವರು ಹೇಳಿದರಂತೆ. ಹದಿಹರೆಯದ ಹುಡುಗಿಯ ಕಾಲೇಜು ಫೀಸಿಗೆ ಆಷಾಢ ಅಡ್ಡ ಬರುವುದನ್ನು ನಾನು ಅಲ್ಲಿಯೇ ಮೊದಲು ಕಂಡೆ.

"ಸಾಹೇಬ್ರ, ಕಾಲೇಜು ಬಾಗಲಾ ಹಾಕ್ಕೊಂತೈತ್ರಿ," ಅಂದೆ.

"ಪ್ರಿನ್ಸಿಪಾಲರಿಗೆ ನಾನು ಫೋನ್ ಮಾಡಿ ಹೇಳ್ತೀನಿ, ಒಂದು ಸೀಟು ಇಡ್ತಾರೆ," ಅಂದರು. ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಲೆಕ್ಕದ ಗುಮಾಸ್ತನನ್ನು ಕಾಡಿದೆ. "ಸಹಿ ಇಲ್ಲದ ನಾ ಹೆಂಗ್ ಕೊಡ್ಲಿ ನಿಂಗಣ್ಣ," ಅಂದ. ದುಡ್ಡು ನಮ್ಮ ಬೆವರಿನದು, ಬೀಗದ ಕೈ ಇನ್ನೊಬ್ಬನದು.

ನೀವು ಕೇಳುತ್ತೀರಿ, ಅಷ್ಟು ಜನ ಇದ್ದಿರಲ್ಲ, ಕೈಯಿಂದ ಹಾಕಿ ಕೊಡಬಹುದಿತ್ತಲ್ಲ ಎಂದು. ನನ್ನ ಮಗಳೂ ಇದನ್ನೇ ಕೇಳಿದಳು. ಕೊಡಬಹುದಿತ್ತು. ಆದರೆ "ಆಗುವುದಿಲ್ಲ" ಎಂದು ಯಾರಾದರೂ ಹೇಳಿದ್ದರೆ ತಾನೇ ನಾವು ಬೇರೆ ದಾರಿ ನೋಡುವುದು? ಪ್ರತಿ ಸಲವೂ "ಬರುವ ಸೋಮವಾರ" ಅನ್ನುತ್ತಿದ್ದರು. ಸೋಮವಾರ ಬರುತ್ತಿತ್ತು, ನಾವು ಡ್ಯೂಟಿ ಮೇಲೆ ಯಾವುದೋ ರಸ್ತೆಯಲ್ಲಿ ಇರುತ್ತಿದ್ದೆವು, ಬಂದು ಕೇಳಿದರೆ ಮತ್ತೊಂದು ಸೋಮವಾರ. ಇಲ್ಲ ಎನ್ನುವ ಅಧಿಕಾರಿ ಒಳ್ಳೆಯವನು. ನಗುತ್ತ ಮುಂದೂಡುವವನು ಜೀವ ತೆಗೆಯುತ್ತಾನೆ.

ಮೊದಮೊದಲು ಕೊಟ್ರಮ್ಮ ಪ್ರತಿ ವಸ್ತಿಗೂ ಕೇಳುತ್ತಿದ್ದಳು. "ಏನಾತ್ರಿ ಅಣ್ಣಾರ?" ನಾನು ಸೋಮವಾರದ ಮಾತು ಹೇಳುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟಳು. ಜನರನ್ನು ಮಾತ್ರ ಬಸ್ಸಿಗೆ ತರುವುದು ಬಿಡಲಿಲ್ಲ. ಮುಂಜಾನೆ ಹತ್ತಿಸಿಕೊಂಡು ಹೋಗುವಾಗ ಹರಪನಹಳ್ಳಿಯಲ್ಲಿ ಕಾಲೇಜಿನ ಮುಂದೆಯೇ ಬಸ್ಸು ಹಾಯಬೇಕು. ಪುಸ್ತಕ ಎದೆಗಪ್ಪಿಕೊಂಡ ಹುಡುಗಿಯರು ಒಳಗೆ ಹೋಗುತ್ತಿದ್ದರು. ಇವಳು ಆ ಕಡೆ ನೋಡದೆ ಪಕ್ಕದಲ್ಲಿದ್ದ ಮುದುಕಿಯ ಸೆರಗು ಸರಿಮಾಡುತ್ತಿದ್ದಳು. ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು.

ಕಾಲೇಜಿಗೆ ಹೊಸಬರನ್ನು ಸೇರಿಸಿಕೊಳ್ಳುವ ಬಾಗಿಲು ಹಾಕಿತು. ದುರುಗಪ್ಪನ ಭಾವಮೈದ ಮತ್ತೆ ಬಂದು ಕುಳಿತ. ಶ್ರಾವಣ ಬಂತು. ನಾನು ವಾರದ ರಜೆಯಲ್ಲಿದ್ದೆ. ಹಿಂದಿರುಗಿದಾಗ ದಾದಾಪೀರ್ ರೆಸ್ಟ್ ರೂಮಿನಲ್ಲಿ ಡಬ್ಬಿ ಬಿಚ್ಚದೆ ಕುಳಿತಿದ್ದ.

"ಲಗ್ನ ಆತು," ಅಂದ.

"ಯಾರದು?"

"ಆ ಪೀಡಾದ್ದು. ಬೀಗರು ನಮ್ಮ ಗಾಡಿಗೇ ಬಂದಿದ್ರು. ಪಾತ್ರಿ ಪಗಡಿ ಎಲ್ಲಾ ಟಾಪಿನ ಮ್ಯಾಲೇ ಹೋತು. ಎಲ್ಲಾರಿಗೂ ನಾನೇ ಟಿಕೀಟು ಹರದೆ, ಆಕಿಗೂ ಹರದೆ." ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಅಂದ, "ಗಾಡಿ ಟೈಮಿಗೆ ಬರೋಬರಿ ಬಿಟ್ಟೆ ನಿಂಗಣ್ಣ. ಯಾರೂ ತಡೀರಿ ಅನ್ಲಿಲ್ಲ."

ಕಾರ್ಯಕ್ರಮ ನಡೆದದ್ದು ರಾಜ್ಯೋತ್ಸವದ ದಿನ. ಡಿಪೋ ಅಂಗಳದಲ್ಲಿ ಶಾಮಿಯಾನ, ಬಸ್ಸುಗಳಿಗೆ ಬಾಳೆಕಂದು, ಕೆಂಪು ಹಳದಿ ಬಾವುಟ. ದೊಡ್ಡವರು ಬಂದರು. ಅವರ ಭಾಷಣದಲ್ಲಿ ಯುವಜನರ ಸೇವಾ ಮನೋಭಾವ ಎಂಬ ಮಾತು ಮೇಲಿಂದ ಮೇಲೆ ಬಂತು. ಫೋಟೋದವನನ್ನು ಹರಪನಹಳ್ಳಿಯಿಂದ ಕರೆಸಿದ್ದರು. ಆಮೇಲೆ ಸಾಹೇಬರು ಮೈಕಿನಲ್ಲಿ ಹೆಸರು ಕೂಗಿದರು: "ಕುಮಾರಿ ಕೊಟ್ರಮ್ಮ."

ಹುಡುಗಿ ಎದ್ದು ಬಂದಳು. ಕೈ ತುಂಬ ಹಸಿರು ಬಳೆ, ಕೊರಳಲ್ಲಿ ಹೊಸ ತಾಳಿ. ಹಿಂದಿನ ಸಾಲಿನಲ್ಲಿ ಅವಳ ಗಂಡ, ಅದೇ ಸೋದರಮಾವ, ಕುಳಿತಿದ್ದ, ಅವಳಿಗಿಂತ ಬಹಳ ದೊಡ್ಡವನು. ವೇದಿಕೆ ಹತ್ತಿ ಮೈಕಿನ ಹತ್ತಿರ ಬಂದಾಗ ಅವಳು ಮೆಲ್ಲಗೆ ಅಂದಳು, "ಕುಮಾರಿ ಅಲ್ರಿ." ಮೈಕು ಅದನ್ನು ಹಿಡಿದು ಇಡೀ ಅಂಗಳಕ್ಕೆ ಕೇಳಿಸಿತು. ಸಾಹೇಬರು ನಕ್ಕು, "ಓಹೋ, ಶ್ರೀಮತಿ ಕೊಟ್ರಮ್ಮ, ಡಬಲ್ ಅಭಿನಂದನೆಗಳು," ಅಂದರು. ಜನ ಚಪ್ಪಾಳೆ ಹೊಡೆದರು. ಫೋಟೋದವನು ಇನ್ನೊಮ್ಮೆ ಕವರು ಹಿಡಿಯಲು ಹೇಳಿದ.

ನಾನು ಡ್ರೈವರುಗಳ ಸಾಲಿನಿಂದ ಎದ್ದೆ. ಮೈಕು ಬೇಕಾಗಲಿಲ್ಲ, ಲಾರಿ ಹಿಂದೆ ನಿಂತು ಕೂಗಿ ಬೆಳೆದ ಗಂಟಲು.

"ಸಾಹೇಬ್ರ, ಕಾಲೇಜು ಯಾವ ತಿಂಗಳಾಗ ಸುರು ಆಗೇತಿ ಅನ್ನೂದನ್ನ ಮೈಕಿನಾಗ ಹೇಳ್ರಿ."

ಯಾರೋ ನನ್ನ ಅಂಗಿ ಹಿಡಿದು ಜಗ್ಗಿದರು. ನಾನು ಕೂರಲಿಲ್ಲ. ಮತ್ತೊಮ್ಮೆ ಅದನ್ನೇ ಕೇಳಿದೆ. ಬ್ಯಾಂಡಿನವರಿಗೆ ಸನ್ನೆಯಾಯಿತು, ಬ್ಯಾಂಡು ಬಾರಿಸಿದರು.

ಮರುದಿನ ಅತಿಥಿಗಳ ಮುಂದೆ ಅಶಿಸ್ತು ತೋರಿದ್ದಕ್ಕೆ ಮೆಮೋ ಬಂತು. ತಪ್ಪಾಯಿತೆಂದು ಬರೆದುಕೊಟ್ಟರೆ ಮುಗಿಯುತ್ತದೆ ಎಂದರು. ಬರೆದುಕೊಡಲಿಲ್ಲ. ಒಂದು ಇನ್‌ಕ್ರಿಮೆಂಟು ತಡೆದರು, ತಡೆಯಲಿ. ಸರ್ವೀಸಿನಲ್ಲಿ ನನಗೆ ಸಿಕ್ಕ ಮರ್ಯಾದೆಗಳಲ್ಲಿ ಅದು ದೊಡ್ಡದು.

ಅಂದು ಕಾರ್ಯಕ್ರಮ ಮುಗಿದ ಮೇಲೆ ಕೊಟ್ರಮ್ಮ ಶಾಮಿಯಾನದ ಹಿಂದೆ ನಾನೂ ದಾದಾಪೀರನೂ ನಿಂತಲ್ಲಿಗೆ ಬಂದಳು. ನಾವು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಅವಳೇ ಶುರು ಮಾಡಿದಳು.

"ನೀವು ಇಲ್ಲ ಅಂದಿದ್ರ ಆಯಿ ಆಡು ಮಾರ್ತಿದ್ಲು ಅಣ್ಣಾರ. ಕೊಡ್ತೀವಿ ಅಂದ್ರಿ ನೋಡ್ರಿ, ಅದಽ ನನ್ನ ಕೆಡಿಸ್ತು."

ನಾನು ಸಾಹೇಬರ ಹೆಸರು ಹೇಳಲು ಹೋದೆ.

"ನಂಗ ಸಾಹೇಬ್ರು ಯಾರು ಗೊತ್ತಿಲ್ರಿ. ನಮ್ಮ ಮನಿಗೆ ಬಂದು ಹೇಳಿದಾವ್ರು ನೀವು."

ಅವಳು ಕವರನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಇದು ನಂದು. ಮನ್ಯಾಗ ಯಾರಿಗೂ ಕೊಡಂಗಿಲ್ಲ. ಬರೂ ವರ್ಷ ಯಾರಿಗೆ ಕೊಡ್ತೀರೋ ಕೊಡ್ರಿ, ಆದ್ರ ಜೂನ್‌ದಾಗ ಕೊಡ್ರಿ. ಕೊಡಾಕ ಆಗಲಿಲ್ಲಂದ್ರ ಮೇ ತಿಂಗಳಾಗ ಹೇಳಿಬಿಡ್ರಿ."

ಹೇಳಿ ಗಂಡನ ಹಿಂದೆ ನಡೆದಳು. ಅವಳು ನರ್ಸ್ ಆಗಲಿಲ್ಲ. ಗಂಡನ ಊರು ನಮ್ಮ ರೂಟಿನಲ್ಲಿ ಇರಲಿಲ್ಲ, ಅವಳನ್ನು ಬಸ್ಸಿನಲ್ಲಿ ಮತ್ತೆ ಕಂಡಿಲ್ಲ. ಅವಳ ತವರೂರಿನಲ್ಲಿ ಮುಂಜಾನೆ ಬಸ್ಸಿನ ಬಾಗಿಲಲ್ಲಿ ಕಾಲಿಟ್ಟು ನಿಲ್ಲುವವರು ಯಾರೂ ಇರಲಿಲ್ಲ. ಉಬ್ಬಸದ ಮುದುಕಿಯೊಬ್ಬಳು ಓಡಿ ಬಂದು ಬಸ್ಸು ತಪ್ಪಿಸಿಕೊಂಡು ಅಗಸಿಯಲ್ಲಿ ನಿಂತಿದ್ದನ್ನು ಕನ್ನಡಿಯಲ್ಲಿ ನೋಡಿ ನಾನು ಗಾಡಿ ಹಿಂದಕ್ಕೆ ತೆಗೆದದ್ದುಂಟು. ದಾದಾಪೀರ್ ಅಂದು ಟೈಮಿನ ಮಾತೆತ್ತಲಿಲ್ಲ.

ಆ ತಿಂಗಳೇ ಎಲ್ಲರೂ ಪಗಾರದಲ್ಲಿ ಹಿಡಿಯುವುದನ್ನು ನಿಲ್ಲಿಸಿ ಎಂದು ಬರೆದುಕೊಟ್ಟೆವು. ಸಾಹೇಬರು ರುದ್ರಪ್ಪನನ್ನು ಕರೆಸಿ, "ಒಳ್ಳೆಯ ಕೆಲಸ ನಿಲ್ಲಿಸ್ತೀರಲ್ಲ, ಮನಸ್ಸು ಹೇಗೆ ಬರುತ್ತೆ ನಿಮಗೆ?" ಎಂದು ಕೇಳಿದರಂತೆ. ನಿಜವಾಗಿಯೂ ನೊಂದುಕೊಂಡು ಕೇಳಿದರಂತೆ. "ನಿಲ್ಸಂಗಿಲ್ರಿ, ನಿಮ್ಮ ಸಹಿ ಬಿಡಸ್ತೀವಿ ಅಷ್ಟೇ," ಎಂದು ರುದ್ರಪ್ಪ ಹೇಳಿ ಬಂದ. ಇವತ್ತಿಗೂ ಆ ಸಾಹೇಬರಿಗೆ ತಾವು ಏನು ಮಾಡಿದೆವೆಂದು ತಿಳಿದಿರಲಿಕ್ಕಿಲ್ಲ. ಆ ಫೋಟೋ ಅವರ ಮನೆಯ ಗೋಡೆಯ ಮೇಲೆ ಇದ್ದರೂ ಇರಬಹುದು.

ಮರುವರ್ಷ ಬೇರೆ ಹಳ್ಳಿಯ ಹುಡುಗಿಯೊಬ್ಬಳನ್ನು ಆರಿಸಿದೆವು. ರಿಸಲ್ಟು ಬಂದ ವಾರವೇ ಕ್ಯಾಂಟೀನಿನಲ್ಲಿ ರುದ್ರಪ್ಪನ ಟೋಪಿ ತಿರುಗಿತು, ಎಲ್ಲರೂ ಹಾಕಿದರು. ಬ್ಯಾಂಕಿಲ್ಲ, ಶಾಲು ಹಾರವಿಲ್ಲ, ಭಾಷಣವಿಲ್ಲ. ಕಾಲೇಜು ಬಾಗಿಲು ತೆರೆದ ದಿನ ನಾನೂ ದಾದಾಪೀರನೂ ಖಾಕಿಯಲ್ಲೇ ಹುಡುಗಿಯನ್ನು ಕರೆದುಕೊಂಡು ಕೌಂಟರಿಗೆ ಹೋದೆವು. ಒಳಗಿದ್ದ ಗುಮಾಸ್ತ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಹುಡುಗಿಗೆ ನೀವು ಏನಾಗಬೇಕ್ರಿ?"

"ಬಸ್ಸಿನವ್ರು," ಅಂದ ದಾದಾಪೀರ್.

"ಅಂದ್ರ, ಸಂಬಂಧ?"

"ಅದಽ ಸಂಬಂಧ. ರಸೀದಿ ಹರೀರಿ ಜಲ್ದಿ, ಹೊರಗ ಗಾಡಿ ನಿಂತೈತಿ."

ಗುಮಾಸ್ತ ಬರೆದು ಹರಿದು ಕೊಟ್ಟ. ದಾದಾಪೀರ್ ಅದನ್ನು ಹುಡುಗಿಯ ಕೈಗೆ ಕೊಡುವ ಮೊದಲು ಬಹಳ ಹೊತ್ತು ಹಿಡಿದುಕೊಂಡು ನಿಂತ. ನಾನೂ ಬಗ್ಗಿ ನೋಡಿದೆ. ಹುಡುಗಿಯ ಹೆಸರು ಸರಿಯಾಗಿತ್ತು, ತಿಂಗಳು ಸರಿಯಾಗಿತ್ತು. ನಮ್ಮಿಬ್ಬರ ಕಣ್ಣಿಗೂ ಅಲ್ಲಿ ಇರಬೇಕಾಗಿದ್ದ ಹೆಸರು ಬೇರೆ, ವರ್ಷ ಬೇರೆ.